ಫೇರ್‌ವೇ ಮೇಲೆ ಉದ್ದದ ಹೊಡೆತಕ್ಕೆ ಯಾವ ಕ್ಲಬ್? ಮಾಡಬೇಕಾದ್ದು, ಮಾಡಬಾರದ್ದು

ಈ ಸೂಚನೆ ಹ್ಯಾಂಡಿಕ್ಯಾಪ್ 18 ದಾಟಿದವರಿಗೆ. 2020ರಲ್ಲಿ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿ ಗಂಡಸರಿಗೂ ಹೆಂಗಸರಿಗೂ 54.0ರವರೆಗೆ ಇಂಡೆಕ್ಸ್ ಕೊಡುತ್ತದೆ, ಹಾಗಾಗಿ ನಮ್ಮದು ದೊಡ್ಡ ಸಂಸಾರ. ಎಂಟು, ಹತ್ತು ಹ್ಯಾಂಡಿಕ್ಯಾಪಿನವರಿಗೆ ಇಲ್ಲಿ ಕೆಲಸವಿಲ್ಲ.

ಬೆಂಗಳೂರು, ಮೈಸೂರು, ಚಿಕ್ಕಮಗಳೂರು, ಎಲ್ಲಿಯ ಕೋರ್ಸಿಗೆ ಹೋದರೂ ಭಾನುವಾರ ಬೆಳಿಗ್ಗೆ ಕಾಣುವುದು ಒಂದೇ. ಡ್ರೈವ್ 180 ಗಜ ಹೋಗಿದೆ, ಇನ್ನೂ 215 ಉಳಿದಿದೆ. ಕೈ ತಾನಾಗಿ ತ್ರೀ ವುಡ್ ಕಡೆಗೆ ಹೋಗುತ್ತದೆ. ಚೆಂಡು ಹುಲ್ಲು ಸವರಿಕೊಂಡು 60 ಗಜ ಉರುಳಿ ನಿಲ್ಲುತ್ತದೆ. ‘ತಲೆ ಎತ್ತಿದ್ರಿ’ ಎಂದು ಜೊತೆಯವರು ಹೇಳುತ್ತಾರೆ. ತಪ್ಪು ತಲೆಯದಲ್ಲ, ಆ ಕ್ಲಬ್ ತೆಗೆದ ಕೈಯದು. ಕೆಳಗಿರುವುದೆಲ್ಲ ಆ ಕೈಗೆ ಹಾಕಬೇಕಾದ ಕಡಿವಾಣ.

ಬ್ಯಾಗ್ ತುಂಬುವಾಗ

ತ್ರೀ ವುಡ್ಡನ್ನು ನೆಲದ ಮೇಲಿಂದ ಹೊಡೆಯಬಾರದು. ಟೀ ಮೇಲಿಟ್ಟು ಹೊಡೆಯಿರಿ, ಅಡ್ಡಿಯಿಲ್ಲ. ಡ್ರೈವರ್ ಕೈಕೊಟ್ಟ ದಿನ ಅದೇ ಮಾನ ಉಳಿಸುತ್ತದೆ. ನೆಲದ ಮೇಲಿನ ಮಾತು ಬೇರೆ. ತ್ರೀ ವುಡ್ಡಿನ ಲಾಫ್ಟ್ ಸಾಮಾನ್ಯವಾಗಿ 15 ಡಿಗ್ರಿ. ಚೆಂಡು ಗಾಳಿಯಲ್ಲಿ ನಿಂತು ಹಾರಬೇಕಾದರೆ ಕ್ಲಬ್ಬಿನ ವೇಗ ಬೇಕು, ಮೇಲಕ್ಕೆ ಚಿಮ್ಮುವ ಕೋನ ಬೇಕು, ಸಾಕಷ್ಟು ಬ್ಯಾಕ್‌ಸ್ಪಿನ್ ಬೇಕು. ವೃತ್ತಿಪರರಲ್ಲಿ ವೇಗ ಧಾರಾಳವಾಗಿದೆ, ಅವರಿಗೆ 15 ಡಿಗ್ರಿ ಸಾಕು. ನಮ್ಮಲ್ಲಿ ವೇಗ ಕಡಿಮೆ, ಉಳಿದೆರಡನ್ನು ಲಾಫ್ಟೇ ಕೊಡಬೇಕು. ಅಷ್ಟು ನೆಟ್ಟಗಿನ ಮುಖ ಚೆಂಡನ್ನು ಎತ್ತುವುದಿಲ್ಲ ಎಂದು ಒಳಗೆಲ್ಲೋ ಗೊತ್ತಿರುವುದರಿಂದ ನಾವೇ ಎತ್ತಲು ಹೋಗುತ್ತೇವೆ. ತೂಕ ಹಿಂಗಾಲಿಗೆ ಬೀಳುತ್ತದೆ. ಆಗ ಕ್ಲಬ್ ಒಂದೋ ಚೆಂಡಿನ ಹಿಂದಿನ ಮಣ್ಣು ಅಗೆಯುತ್ತದೆ, ಇಲ್ಲವೇ ಚೆಂಡಿನ ನೆತ್ತಿ ಸವರುತ್ತದೆ. ಫ್ಯಾಟ್, ಟಾಪ್ ಎರಡೂ ಹುಟ್ಟುವುದು ಇಲ್ಲೇ.

ಉದ್ದದ ತೊಂದರೆ ಇನ್ನೊಂದು. ತ್ರೀ ವುಡ್ ಸುಮಾರು 43 ಇಂಚು, ಫೋರ್ ಹೈಬ್ರಿಡ್ ಸುಮಾರು 40. ಶಾಫ್ಟ್ ಉದ್ದವಾದಷ್ಟೂ ಮುಖದ ನಡುವಿಗೆ ಚೆಂಡು ತಾಗಿಸುವುದು ಕಷ್ಟ.

ಲಾಫ್ಟ್ ಇಳಿದಷ್ಟೂ ದೂರ ಏರುತ್ತದೆ ಎಂದು ನಂಬಬಾರದು. ಈ ಲೆಕ್ಕ ಒಂದು ವೇಗದ ಮೇಲಿನವರಿಗೆ ಮಾತ್ರ ನಿಜ. ಡ್ರೈವರಿನಲ್ಲೇ 180 ಗಜ ಹೊಡೆಯುವವರಿಗೆ 18 ಡಿಗ್ರಿಯ ಫೈವ್ ವುಡ್ ಮತ್ತು 15ರ ತ್ರೀ ವುಡ್ ಹೆಚ್ಚುಕಡಿಮೆ ಒಂದೇ ದೂರ ಹೋಗುತ್ತವೆ. ಎಷ್ಟೋ ಸಲ ಫೈವ್ ವುಡ್ಡೇ ಮುಂದೆ ಬೀಳುತ್ತದೆ, ಏಕೆಂದರೆ ಅದು ಹಾರುತ್ತದೆ, ಇನ್ನೊಂದು ತೆವಳುತ್ತದೆ.

ಸೆವೆನ್ ವುಡ್ ಇಟ್ಟುಕೊಳ್ಳಬೇಕು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ನಮ್ಮ ಗಂಡಸರಿಗೆ ಇದರ ಮೇಲೆ ಒಂದು ತಾತ್ಸಾರವಿದೆ: ಅದು ವಯಸ್ಸಾದವರದು, ಹೆಂಗಸರದು ಅಂತ. 2020ರ ನವೆಂಬರ್‌ನಲ್ಲಿ ಡಸ್ಟಿನ್ ಜಾನ್ಸನ್ ಮಾಸ್ಟರ್ಸ್ ಗೆದ್ದಾಗ ಅವರ ಬ್ಯಾಗಿನಲ್ಲಿ 21 ಡಿಗ್ರಿಯ ಸೆವೆನ್ ವುಡ್ ಇತ್ತು. ಅವರ ಒಟ್ಟು 268, ಆ ಪಂದ್ಯದ ದಾಖಲೆ. ಜಗತ್ತಿನಲ್ಲೇ ಅತಿ ದೂರ ಹೊಡೆಯುವವರಲ್ಲಿ ಒಬ್ಬರಿಗೆ ಆಗದ ಅವಮಾನ 24 ಹ್ಯಾಂಡಿಕ್ಯಾಪಿನ ನಮಗೆ ಆಗಬೇಕಿಲ್ಲ. ಅದರ ತಲೆ ಹೈಬ್ರಿಡ್‌ಗಿಂತ ದೊಡ್ಡದು, ತೂಕ ಕೆಳಗೆ ಮತ್ತು ಹಿಂದೆ ಹಂಚಿದೆ. ಚೆಂಡು ಸಲೀಸಾಗಿ ಎದ್ದು, ಎತ್ತರದಿಂದ ಇಳಿದು, ಗ್ರೀನ್ ಮೇಲೆ ಬಿದ್ದರೆ ಅಲ್ಲೇ ನಿಲ್ಲುತ್ತದೆ. ಸ್ವಲ್ಪ ಟೋ ಕಡೆಗೋ ಹೀಲ್ ಕಡೆಗೋ ತಾಗಿದರೂ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ.

ಹೆಂಗಸರದು ಎಂದು ಮೂಗು ಮುರಿಯುವವರಿಗೆ ಇನ್ನೊಂದು ಮಾತು. ಟೋಕಿಯೊ ಒಲಿಂಪಿಕ್ಸಿನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ 60 ಮಂದಿಯ ಕಣದಲ್ಲಿ ತೀರಾ ಕಡಿಮೆ ದೂರ ಹೊಡೆಯುವವರ ಸಾಲಿನಲ್ಲಿದ್ದರು. ಉಳಿದವರು ಸಣ್ಣ ಐರನ್ ಹಿಡಿಯುವ ಕಡೆ ಅವರು ಹೈಬ್ರಿಡ್, ಫೇರ್‌ವೇ ವುಡ್ ಹಿಡಿದರು. ಮುಗಿಸಿದ್ದು 15 ಅಂಡರ್‌ನಲ್ಲಿ, ನಾಲ್ಕನೆಯ ಸ್ಥಾನ. 16 ಅಂಡರ್‌ನಲ್ಲಿದ್ದ ಲಿಡಿಯಾ ಕೊ, ಮೋನೆ ಇನಾಮಿ ಇಬ್ಬರೂ ಪದಕ ತೆಗೆದುಕೊಂಡರು. ಅದಿತಿಯ ಪಟ್ಟಿಂಗ್ ನಮಗಿಲ್ಲ, ಒಪ್ಪಿದೆ. ಗ್ರೀನ್ ತಲುಪುವ ದಾರಿಯನ್ನಾದರೂ ಅವರಿಂದ ಕಲಿಯಬಹುದು.

ತ್ರೀ ಐರನ್, ಫೋರ್ ಐರನ್ ಬ್ಯಾಗಿನಲ್ಲಿ ಇರಲೇಬಾರದು. 1950ರ ಯು.ಎಸ್. ಓಪನ್‌ನಲ್ಲಿ ಮೆರಿಯನ್ ಕೋರ್ಸಿನ 18ನೇ ಹೋಲಿನಲ್ಲಿ ಬೆನ್ ಹೋಗನ್ ಒನ್ ಐರನ್ ಹೊಡೆದು ನಿಂತ ಫೋಟೋ ಎಷ್ಟೋ ಕ್ಲಬ್‌ಹೌಸುಗಳ ಗೋಡೆಯ ಮೇಲಿದೆ. ಗೋಡೆಯ ಮೇಲೆಯೇ ಇರಲಿ.

ಕ್ಲಬ್ ಮೇಲಿನ ಅಂಕಿ ನಂಬಬಾರದು, ಡಿಗ್ರಿ ಕೇಳಬೇಕು. ಯಾವ ಅಂಕಿಗೆ ಎಷ್ಟು ಲಾಫ್ಟ್ ಎಂದು ಯಾವ ಕಾನೂನೂ ಇಲ್ಲ. ಐರನ್‌ಗಳು ದೂರ ಹೋಗುತ್ತವೆ ಎಂದು ತೋರಿಸಲು ತಯಾರಕರು ವರ್ಷದಿಂದ ವರ್ಷಕ್ಕೆ ಲಾಫ್ಟ್ ಇಳಿಸುತ್ತ ಬಂದಿದ್ದಾರೆ. ಹಳೆಯ ಸೆಟ್ಟಿನಲ್ಲಿ ಸೆವೆನ್ ಐರನ್ 35 ಡಿಗ್ರಿಯ ಆಸುಪಾಸು ಇರುತ್ತಿತ್ತು, ಈಗಿನ ಹೊಸ ಕಲಿಯುವವರ ಸೆಟ್ಟುಗಳಲ್ಲಿ 28ರಿಂದ 30. ಅಂದರೆ ನಿಮ್ಮ ಹೊಸ ಫೈವ್ ಐರನ್ ಹೆಸರಿಗೆ ಫೈವ್, ಒಳಗೆ ಅಪ್ಪನ ಕಾಲದ ತ್ರೀ ಅಥವಾ ಫೋರ್. ಫೈವ್ ಐರನ್ನೂ ಸಿಕ್ಸ್ ಐರನ್ನೂ ಒಂದೇ ಜಾಗದಲ್ಲಿ ಬೀಳುತ್ತಿದ್ದರೆ ಫೈವ್ ಮನೆಯಲ್ಲಿರಬೇಕು. ಆ ಜಾಗಕ್ಕೆ 25, 26 ಡಿಗ್ರಿಯ ಹೈಬ್ರಿಡ್.

ಹೈಬ್ರಿಡ್ಡೋ ವುಡ್ಡೋ ಎಂಬ ಜಗಳ ಕ್ಲಬ್ಬಿನ ಬಾರಿನಲ್ಲಿ ಮುಗಿಯುವುದಿಲ್ಲ, ಇಲ್ಲಿ ಮುಗಿಸುತ್ತೇನೆ. ಚೆಂಡು ಹೆಚ್ಚಾಗಿ ಫೇರ್‌ವೇಯಲ್ಲೇ ಇರುವವರಿಗೆ, ಚೆಂಡು ಬಲಕ್ಕೆ ಬಾಗಿ ಹೋಗುವವರಿಗೆ, ಐರನ್ನಿನಲ್ಲಿ ಹುಲ್ಲು ಕೀಳದೆ ಸವರಿ ಹೊಡೆಯುವವರಿಗೆ ವುಡ್. ರಫ್ಫಿನಲ್ಲೇ ಸಂಸಾರ ಹೂಡಿದವರಿಗೆ, ಐರನ್ನಿನಂತೆ ಮೇಲಿಂದ ಕೆಳಕ್ಕೆ ಹೊಡೆಯುವವರಿಗೆ ಹೈಬ್ರಿಡ್. ಅದರ ಸಣ್ಣ ತಲೆ ಹುಲ್ಲಿನ ನಡುವೆ ನುಗ್ಗುತ್ತದೆ. ಹೈಬ್ರಿಡ್ಡಿನ ಶಕ್ತಿ ಏನು ಎಂಬುದಕ್ಕೆ 2009ರ ಪಿಜಿಎ ಚಾಂಪಿಯನ್‌ಶಿಪ್ ಸಾಕ್ಷಿ: ಹೇಝಲ್‌ಟೀನ್‌ನ ಕೊನೆಯ ಹೋಲಿನಲ್ಲಿ ವೈ. ಇ. ಯಾಂಗ್ 200 ಗಜಕ್ಕೂ ಹೆಚ್ಚು ದೂರದಿಂದ ಹೈಬ್ರಿಡ್ ಹೊಡೆದು ಧ್ವಜದ ಪಕ್ಕಕ್ಕೆ ತಂದು ಟೈಗರ್ ವುಡ್ಸ್‌ರನ್ನು ಸೋಲಿಸಿದರು. ಆದರೆ ಎಚ್ಚರ, ಹಲವು ಹೈಬ್ರಿಡ್‌ಗಳು ಚೆಂಡನ್ನು ಎಡಕ್ಕೆ ಎಳೆಯುವಂತೆಯೇ ಮಾಡಿದಂಥವು. ಮೊದಲೇ ಎಡಕ್ಕೆ ಹುಕ್ ಮಾಡುವವರು ಅಂಥದ್ದನ್ನು ಕೊಂಡರೆ ಪಕ್ಕದ ಫೇರ್‌ವೇಯಲ್ಲಿ ಆಡಬೇಕಾದೀತು.

ಬ್ಯಾಗ್ ಹೇಗಿರಲಿ ಎಂದು ಕೇಳುವವರಿಗೆ ನನ್ನ ಉತ್ತರ: ಡ್ರೈವರ್, ಫೈವ್ ವುಡ್, ಸೆವೆನ್ ವುಡ್, 25 ಡಿಗ್ರಿಯ ಒಂದು ಹೈಬ್ರಿಡ್, ಆಮೇಲೆ ಸಿಕ್ಸ್ ಅಥವಾ ಸೆವೆನ್ ಐರನ್‌ನಿಂದ ಕೆಳಕ್ಕೆ. ಒಂದರಿಂದ ಇನ್ನೊಂದಕ್ಕೆ 10ರಿಂದ 15 ಗಜ ವ್ಯತ್ಯಾಸ ಬರಬೇಕು. ಬಾರದಿದ್ದರೆ ಎರಡರಲ್ಲಿ ಒಂದು ದಂಡಕ್ಕೆ ಹೊತ್ತದ್ದು.

ಶಾಫ್ಟ್ ವಿಷಯದಲ್ಲಿ ಜಂಭ ಮಾಡಬಾರದು. ‘ಎಸ್’ ಅಂದರೆ ಸ್ಟಿಫ್, ‘ಆರ್’ ರೆಗ್ಯುಲರ್, ‘ಎ’ ಸೀನಿಯರ್, ‘ಎಲ್’ ಲೇಡೀಸ್. ಈ ಅಕ್ಷರಗಳು ವೇಗವನ್ನು ಹೇಳುತ್ತವೆ, ವಯಸ್ಸನ್ನಲ್ಲ, ಲಿಂಗವನ್ನಲ್ಲ. 35ರ ಹರೆಯದ ಸಾಫ್ಟ್‌ವೇರ್ ಎಂಜಿನಿಯರಿಗೆ ಸೀನಿಯರ್ ಶಾಫ್ಟ್ ಒಪ್ಪಬಹುದು, ಬ್ಯಾಡ್ಮಿಂಟನ್ ಆಡಿ ಬಂದ ಹೆಣ್ಣುಮಗಳಿಗೆ ರೆಗ್ಯುಲರ್ ಬೇಕಾಗಬಹುದು. ವುಡ್, ಹೈಬ್ರಿಡ್ ಎರಡಕ್ಕೂ ಹಗುರ ಗ್ರಾಫೈಟ್ ಶಾಫ್ಟೇ ಸರಿ.

ಅಂಗಡಿಯ ಚಾಪೆಯ ಮೇಲೆ ಹೊಡೆದು ಕೊಳ್ಳಬಾರದು. ಇಲ್ಲಿಯೇ ಹೆಚ್ಚು ಜನ ದುಡ್ಡು ಕಳೆಯುವುದು. ಚೆಂಡಿಗಿಂತ ಎರಡು ಇಂಚು ಹಿಂದೆ ತಾಗಿದರೂ ಕ್ಲಬ್ ಚಾಪೆಯ ಮೇಲೆ ಜಾರಿ ಚೆಂಡಿಗೆ ತಲುಪುತ್ತದೆ, ಪರದೆಯ ಮೇಲೆ 190 ಗಜ ಎಂದು ಬರುತ್ತದೆ. ಅದೇ ಹೊಡೆತ ಹುಲ್ಲಿನ ಮೇಲಾದರೆ 70 ಗಜ. ಚಾಪೆ ನಿಮ್ಮ ಫ್ಯಾಟ್ ಶಾಟುಗಳನ್ನು ಮುಚ್ಚಿಡುವ ಸುಳ್ಳುಸಾಕ್ಷಿ. ಡೆಮೊ ಕ್ಲಬ್ ಕೇಳಿ ತಂದು, ನಿಜವಾದ ಹುಲ್ಲಿನ ಮೇಲೆ, ಟೀ ಇಲ್ಲದೆ, ಹತ್ತು ಚೆಂಡು ಹೊಡೆಯಬೇಕು. ಅತ್ಯುತ್ತಮವಾದ ಎರಡನ್ನು ಲೆಕ್ಕದಿಂದ ಬಿಟ್ಟುಬಿಡಬೇಕು. ಜನ ಆ ಎರಡನ್ನೇ ನೋಡಿ ಕೊಳ್ಳುತ್ತಾರೆ. ಉಳಿದ ಎಂಟು ಎಲ್ಲಿ ಬಿದ್ದಿವೆ ನೋಡಿ, ಅದು ನಿಮ್ಮ ಕ್ಲಬ್ಬಿನ ನಿಜವಾದ ದೂರ. ರೇಂಜಿನ ಚೆಂಡು ಸವೆದದ್ದಾಗಿ ಕಡಿಮೆ ದೂರ ಹೋಗುತ್ತದೆ, ಅದಕ್ಕೆ ನಿಮ್ಮ ಸ್ವಂತ ಚೆಂಡು ಒಯ್ದರೆ ಒಳ್ಳೆಯದು.

ಸೆಕೆಂಡ್‌ಹ್ಯಾಂಡ್ ಕೊಳ್ಳಬಹುದು, ಕೊಳ್ಳಲೇಬೇಕು ಎಂದರೂ ಸರಿ. ಮುಖದಲ್ಲಿ ಬಿರುಕು, ಹೊಸಲ್ ಹತ್ತಿರ ಸಡಿಲ, ಶಾಫ್ಟಿನ ಮೇಲೆ ಗೀರು ಇವೆಯೇ ನೋಡಬೇಕು, ಗ್ರಿಪ್ ಹೊಸದು ಹಾಕಿಸಬೇಕು. ಹೆಸರಾಂತ ಕಂಪನಿಯ ಹೊಸ ಮಾಡೆಲ್ ಅರ್ಧ ಬೆಲೆಗಿಂತ ಕಡಿಮೆಗೆ ಸಿಕ್ಕರೆ ಅದು ಅದೃಷ್ಟವಲ್ಲ, ನಕಲಿ.

ಫೇರ್‌ವೇ ಮೇಲೆ ನಿಂತಾಗ

ದೂರ ನೋಡುವ ಮೊದಲು ಚೆಂಡು ನೋಡಬೇಕು. ನಾವು ಮಾಡುವುದು ತಿರುಗುಮುರುಗು: ರೇಂಜ್‌ಫೈಂಡರ್ ಕಣ್ಣಿಗೆ ಹಿಡಿದು, 208 ಎಂದು ಓದಿ, ಅದಕ್ಕೆ ಸರಿಯಾದ ಕ್ಲಬ್ ತೆಗೆದು, ಆಮೇಲೆ ಚೆಂಡಿನ ಕಡೆ ಬಗ್ಗುತ್ತೇವೆ. ಕ್ಲಬ್ ಯಾವುದು ಎಂಬುದನ್ನು ಚೆಂಡು ಕೂತಿರುವ ರೀತಿ ತೀರ್ಮಾನಿಸುತ್ತದೆ. ಹುಲ್ಲಿನ ಮೇಲೆ ಎದ್ದು ಕೂತಿದ್ದರೆ ಫೈವ್ ವುಡ್. ಹುಲ್ಲಿನ ಜೊತೆ ಸಮಕ್ಕೆ ಕೂತಿದ್ದರೆ ಸೆವೆನ್ ವುಡ್. ಬೋಳು ನೆಲದ ಮೇಲಿದ್ದರೆ ಹೈಬ್ರಿಡ್. ಬೇರೆಯವರು ಅಗೆದ ಡಿವಟ್ ಗುಂಡಿಯಲ್ಲಿದ್ದರೆ ಹೈಬ್ರಿಡ್ ಕೂಡ ಅನುಮಾನ, ಸೆವೆನ್ ಅಥವಾ ಏಯ್ಟ್ ಐರನ್ ತೆಗೆಯಿರಿ. ರಫ್ಫಿನಲ್ಲಿ ಚೆಂಡಿನ ಮೇಲರ್ಧ ಮಾತ್ರ ಕಾಣುತ್ತಿದ್ದರೆ ವೆಜ್, ಬೇರೆ ಮಾತೇ ಇಲ್ಲ.

ಫೇರ್‌ವೇ ಬಂಕರಿನಲ್ಲಿ ವುಡ್ ಹಿಡಿಯಬಾರದು. ಮುಂದಿನ ಅಂಚನ್ನು ಸರಾಗವಾಗಿ ದಾಟುವ ಐರನ್ ಯಾವುದೋ ಅದಕ್ಕಿಂತ ಒಂದು ಹೆಚ್ಚು ಲಾಫ್ಟ್ ಇರುವುದನ್ನು ಹಿಡಿಯಬೇಕು.

ಇಳಿಜಾರನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇಳಿಯುವ ನೆಲ ಲಾಫ್ಟನ್ನು ತಿನ್ನುತ್ತದೆ. ಅಲ್ಲಿ ಫೈವ್ ವುಡ್ ತ್ರೀ ವುಡ್ಡಾಗಿ ವರ್ತಿಸುತ್ತದೆ, ಆದ್ದರಿಂದ ಸೆವೆನ್ ವುಡ್ ಅಥವಾ ಹೈಬ್ರಿಡ್. ಏರುವ ನೆಲ ಲಾಫ್ಟ್ ಕೂಡಿಸುತ್ತದೆ, ಫೈವ್ ವುಡ್ಡನ್ನು ಧೈರ್ಯವಾಗಿ ಹೊಡೆಯಲು ಅದೇ ಜಾಗ. ಬಲಗೈಯವರಿಗೆ ಚೆಂಡು ಕಾಲಿಗಿಂತ ಮೇಲಿದ್ದರೆ ಎಡಕ್ಕೆ ಹೋಗುತ್ತದೆ, ಕೆಳಗಿದ್ದರೆ ಬಲಕ್ಕೆ. ಕೆಳಗಿರುವ ಚೆಂಡಿಗೆ ಉದ್ದದ ಕ್ಲಬ್ ಬೇಡವೇ ಬೇಡ.

ನಿಮ್ಮ ಪಾರ್ ಯಾವುದೆಂದು ನೆನಪಿಟ್ಟುಕೊಳ್ಳಬೇಕು. ಕೋರ್ಸ್ ಹ್ಯಾಂಡಿಕ್ಯಾಪ್ 24 ಇದ್ದರೆ ಪ್ರತಿ ಹೋಲಿಗೂ ಒಂದು ಹೊಡೆತ ನಿಮಗೆ ಬಿಟ್ಟಿ, ಅತಿ ಕಷ್ಟದ ಆರು ಹೋಲುಗಳಲ್ಲಿ ಎರಡು. ಕಾರ್ಡಿನಲ್ಲಿ ಪಾರ್ 4 ಎಂದು ಅಚ್ಚಾಗಿದ್ದರೂ ನಿಮಗದು 5, ಕೆಲವು ಕಡೆ 6. ಈಗ 395 ಗಜದ ಪಾರ್ 4 ತೆಗೆದುಕೊಳ್ಳಿ. ಡ್ರೈವ್ 180, ಉಳಿದದ್ದು 215. ಆ 215ನ್ನು ಒಂದೇ ಏಟಿಗೆ ಮುಗಿಸು ಎಂದು ಯಾರು ಕೇಳಿದರು? ಹೈಬ್ರಿಡ್ಡಿನಲ್ಲಿ 145, ಆಮೇಲೆ ವೆಜ್ಜಿನಲ್ಲಿ 70, ಎರಡು ಪಟ್. ಐದಕ್ಕೆ ಮುಗಿಯಿತು. ಸ್ಟೇಬಲ್‌ಫೋರ್ಡ್ ಪಂದ್ಯವಾದರೆ ಕೈಯಲ್ಲಿ ಎರಡು ಪಾಯಿಂಟ್, ಅದು ಆರರ ಹೋಲಾಗಿದ್ದರೆ ಮೂರು. ತ್ರೀ ವುಡ್ ಎಳೆದವರು ಟಾಪ್ ಮಾಡಿ 60 ಗಜ ಹೋಗಿ, ಇನ್ನೂ 155 ಉಳಿಸಿಕೊಂಡು, ಆ ಸಿಟ್ಟಿಗೆ ಮತ್ತೆ ಅದೇ ಕ್ಲಬ್ ಎಳೆಯುತ್ತಾರೆ.

ಈ ಲೆಕ್ಕ ಒಪ್ಪದವರನ್ನು ನಾನು ಕಂಡಿಲ್ಲ. ಪಾಲಿಸುವವರು ಮಾತ್ರ ಅಪರೂಪ.

ಗ್ರೀನ್ ಖಾಲಿಯಾಗಲಿ ಎಂದು ಕಾಯಬಾರದು. 220 ಗಜ ಆಚೆ ಮುಂದಿನ ನಾಲ್ವರು ಪಟ್ ಮಾಡುತ್ತಿದ್ದಾರೆ. ಜೀವಮಾನದಲ್ಲಿ ಒಮ್ಮೆಯೂ 220 ಹೊಡೆಯದವರು ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಿದ್ದಾರೆ, ಹಿಂದೆ ಎರಡು ಗುಂಪು ಟೀಯಲ್ಲಿ ನಿಂತಿದೆ. ನಿಯಮ ಪುಸ್ತಕ ಒಂದು ಹೊಡೆತಕ್ಕೆ 40 ಸೆಕೆಂಡು ಸಾಕು ಎನ್ನುತ್ತದೆ. ನಿಮ್ಮ ಅತ್ಯುತ್ತಮ ಏಟು ಅವರನ್ನು ಮುಟ್ಟುವುದಿಲ್ಲ ಎಂದು ಖಾತ್ರಿ ಇದ್ದರೆ ಹೊಡೆದು ಮುಂದೆ ನಡೆಯಿರಿ. ಅಪರೂಪಕ್ಕೆ ಸಿಕ್ಕಾಪಟ್ಟೆ ಹೋಗಿಬಿಟ್ಟರೆ ‘ಫೋರ್’ ಎಂದು ಗಂಟಲು ಹರಿಯುವಂತೆ ಕೂಗಿ.

ಕ್ಯಾಡಿಯ ಮಾತು ಕೇಳಬೇಕು. ‘ವುಡ್ ಬೇಡ ಸಾರ್, ಹೈಬ್ರಿಡ್ ತಗೊಳ್ಳಿ’ ಎಂದರೆ ಆತ ನಿಮ್ಮ ಪೌರುಷ ಅಳೆಯುತ್ತಿಲ್ಲ. ಅದೇ ಹುಲ್ಲಿನ ಮೇಲೆ ದಿನವೂ ನಡೆಯುತ್ತಾನೆ, ಮೂರು ಹೋಲಿನಲ್ಲಿ ನಿಮ್ಮ ಸ್ವಿಂಗ್ ಓದಿಬಿಟ್ಟಿರುತ್ತಾನೆ. 2009ರ ಇಂಡಿಯನ್ ಓಪನ್ ಗೆದ್ದ ಸಿ. ಮುನಿಯಪ್ಪ ಬೆಂಗಳೂರಿನಲ್ಲಿ ಕ್ಯಾಡಿಯಾಗಿ ಆಟ ಕಲಿತವರು.

ಕೇಳುವುದು ಕ್ಯಾಡಿಯನ್ನು, ಅಥವಾ ನಿಮ್ಮದೇ ಜೋಡಿಯ ಪಾರ್ಟ್‌ನರನ್ನು ಮಾತ್ರ. ಪಂದ್ಯದಲ್ಲಿ ಎದುರಾಳಿಯನ್ನೋ ಜೊತೆಯಾಟಗಾರರನ್ನೋ ‘ಯಾವ ಕ್ಲಬ್ ಹೊಡೆದ್ರಿ?’ ಎಂದು ಕೇಳಬಾರದು. ಅದು ನಿಯಮ 10.2ರ ಪ್ರಕಾರ ಸಲಹೆ ಕೇಳಿದಂತೆ: ಸ್ಟ್ರೋಕ್ ಪ್ಲೇಯಲ್ಲಿ ಎರಡು ಹೊಡೆತದ ದಂಡ, ಮ್ಯಾಚ್ ಪ್ಲೇಯಲ್ಲಿ ಆ ಹೋಲೇ ಹೋಯಿತು. ಅವರ ಬ್ಯಾಗಿನೊಳಗೆ ಇಣುಕಿ ಯಾವ ಕ್ಲಬ್ ಇಲ್ಲ ಎಂದು ನೋಡಬಹುದು, ಆದರೆ ಮೇಲೆ ಮುಚ್ಚಿರುವ ಟವೆಲ್ ಸರಿಸಿ ನೋಡಬಾರದು. ಗ್ರೀನ್ ಎಷ್ಟು ದೂರ ಎಂದು ಯಾರನ್ನು ಬೇಕಾದರೂ ಕೇಳಿ, ಅದಕ್ಕೆ ದಂಡವಿಲ್ಲ.

ಮಳೆಗಾಲದಲ್ಲಿ ಉರುಳುವ ದೂರ ನಂಬಬಾರದು. ಏಪ್ರಿಲ್‌ನಲ್ಲಿ ಗಟ್ಟಿ ನೆಲದ ಮೇಲೆ ತೆವಳಿದ ಚೆಂಡೂ 30 ಗಜ ಉರುಳಿ ಮರ್ಯಾದೆ ಉಳಿಸುತ್ತದೆ. ಜುಲೈನಲ್ಲಿ ಬಿದ್ದಲ್ಲೇ ಅಂಟಿಕೊಳ್ಳುತ್ತದೆ. ಆಗ ಲೆಕ್ಕಕ್ಕೆ ಬರುವುದು ಗಾಳಿಯಲ್ಲಿ ಹೋದ ದೂರ ಒಂದೇ, ಆದ್ದರಿಂದ ಫೈವ್ ವುಡ್ ತೆಗೆಯುವ ಕಡೆಯೆಲ್ಲ ಸೆವೆನ್ ವುಡ್. ಚೆಂಡೆತ್ತಿ ಒರೆಸಿ ಇಡಬಹುದೆಂದು ಸ್ಥಳೀಯ ನಿಯಮವಿದ್ದರೆ ಅದನ್ನು ಪೂರ್ತಿ ಬಳಸಿಕೊಳ್ಳಿ. ಗೊತ್ತುಪಡಿಸಿದ ಅಳತೆಯೊಳಗೆ ಹುಲ್ಲು ಚೆನ್ನಾಗಿರುವ ಜಾಗ ಹುಡುಕಿ ಇಡಿ, ಇದರಲ್ಲಿ ಸಂಕೋಚಕ್ಕೆ ಜಾಗವಿಲ್ಲ.

ಊರು ಬದಲಾದರೆ ದೂರವೂ ಬದಲಾಗುತ್ತದೆ ಎಂದು ತಿಳಿದಿರಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಗಾಳಿ ತೆಳು, ಚೆಂಡಿಗೆ ತಡೆ ಕಡಿಮೆ. ಅದೇ ಹೊಡೆತ ಮಂಗಳೂರಿನ ಪಿಲಿಕುಳದಲ್ಲೋ ಚೆನ್ನೈಯಲ್ಲೋ ಕೆಲವು ಗಜ ಹಿಂದೆಯೇ ಬೀಳುತ್ತದೆ. ಕರಾವಳಿಯ ಸೆಕೆಗಾಳಿ ಭಾರ, ಅದಕ್ಕೇ ಚೆಂಡು ಹೋಗುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ತಪ್ಪು. ತೇವದ ಗಾಳಿ ಒಣ ಗಾಳಿಗಿಂತ ತುಸು ಹಗುರವೇ. ಕಾರಣ ಊರಿನ ಎತ್ತರ. ಅಲ್ಲಿ ಒಂದು ಕ್ಲಬ್ ದೊಡ್ಡದು ತೆಗೆದುಕೊಳ್ಳಿ, ಜೋರಾಗಿ ಹೊಡೆಯಲು ಹೋಗಬೇಡಿ.

ಹೊಡೆಯುವಾಗ ಹೇಳಬೇಕಾದ್ದು ಕಡಿಮೆ. ಫೈವ್ ವುಡ್ಡಿಗೆ ಚೆಂಡು ಎಡ ಹಿಮ್ಮಡಿಯ ಸ್ವಲ್ಪ ಒಳಗಿರಲಿ, ಹೈಬ್ರಿಡ್ಡಿಗೆ ಅದಕ್ಕಿಂತ ಇನ್ನೊಂದು ಚೆಂಡಿನಷ್ಟು ನಡುವಿಗೆ. ವುಡ್ಡಿನಲ್ಲಿ ಗುಡಿಸಬೇಕು, ಹೈಬ್ರಿಡ್ಡಿನಲ್ಲಿ ತುಸು ಕೆಳಕ್ಕೆ ಒತ್ತಬೇಕು. ಎತ್ತುವ ಕೆಲಸ ಲಾಫ್ಟಿನದು.

ನಿಯಮದ ಕಣ್ಣು

ಈಗಿನ ವುಡ್‌ಗಳ ಕತ್ತಿನಲ್ಲಿ ಲಾಫ್ಟ್ ತಿರುಗಿಸುವ ಸ್ಕ್ರೂ ಇರುತ್ತದೆ. ಮನೆಯಲ್ಲಿ ತಿರುಗಿಸಿಕೊಂಡು ಬನ್ನಿ. ರೌಂಡ್ ಶುರುವಾದ ಮೇಲೆ ರೆಂಚ್ ಹೊರಗೆ ತೆಗೆಯಬಾರದು. ಲಾಫ್ಟ್ ಬದಲಿಸಿದ ಕ್ಲಬ್ಬಿನಲ್ಲಿ ಒಂದು ಹೊಡೆತ ಹೊಡೆದರೂ ಪಂದ್ಯದಿಂದ ಹೊರಗೆ.

ಹೊಸ ಸೆವೆನ್ ವುಡ್ ಬಂದ ದಿನ ಹಳೆಯದೊಂದನ್ನು ತೆಗೆಯಬೇಕು. ಬ್ಯಾಗಿನಲ್ಲಿ 14ಕ್ಕಿಂತ ಹೆಚ್ಚು ಕ್ಲಬ್ ಇರುವಂತಿಲ್ಲ. ಹೆಚ್ಚಿದ್ದರೆ ಸ್ಟ್ರೋಕ್ ಪ್ಲೇಯಲ್ಲಿ ತಪ್ಪು ನಡೆದ ಒಂದೊಂದು ಹೋಲಿಗೆ ಎರಡು ಹೊಡೆತ, ಒಟ್ಟು ನಾಲ್ಕರವರೆಗೆ ದಂಡ. 11 ಇದ್ದರೂ ಯಾರೂ ಏನೂ ಅನ್ನುವುದಿಲ್ಲ. ಮೊದಲ ಟೀಗೆ ಹೋಗುವ ಮುಂಚೆ ಬ್ಯಾಗಿನ ಕ್ಲಬ್‌ಗಳನ್ನು ನೀವೇ ಮುಟ್ಟಿ ಎಣಿಸಿಕೊಳ್ಳಿ. ಹೆಚ್ಚಾಗಿ ಸಿಕ್ಕಿಬೀಳುವುದು ಬ್ಯಾಗಿನ ತಳದಲ್ಲಿ ಮಲಗಿದ ಫೋರ್ ಐರನ್ನೇ.